ಪೈಪಿನ ಎಂಜಲು

"ಏನು ಬೇಕಾದ್ರೂ ಬಿಚ್ಚಿ ನೋಡಪ್ಪ. ಆ ಪೈಪಿಗೆ ಬಾಯಿ ಮಾತ್ರ ಇಡಬೇಡ."

ಲಾರಿಯ ಯಜಮಾನಿ ಈ ಮಾತು ಹೇಳಿದ್ದು ಶೆಡ್ಡಿನ ಹೊಸ್ತಿಲಾಚೆ ನಿಂತು, ಮಡಿಸಿದ ಬಟ್ಟೆಯೊಂದನ್ನು ಮೂಗಿಗೆ ಒತ್ತಿ ಹಿಡಿದುಕೊಂಡು. ಹೆಂಗಸು ಒಣಗಿ ಕಡ್ಡಿಯಾಗಿದ್ದಳು. ಕೆನ್ನೆಯ ಮೂಳೆಗಳು ಎದ್ದು ಕಾಣುತ್ತಿದ್ದವು, ಕುತ್ತಿಗೆಯ ನರಗಳನ್ನು ಬೇಕಾದರೆ ಎಣಿಸಬಹುದಿತ್ತು. ಬಾನೆಟ್ ಎತ್ತಿ ಅದಕ್ಕೆ ಕೋಲು ಕೊಡುತ್ತಿದ್ದ ಮೆಕ್ಯಾನಿಕ್ ತಿರುಗಿ ನೋಡಿ ನಕ್ಕ.

"ಯಾಕಮ್ಮ, ಕಚ್ಚುತ್ತಾ ಅದು?"

"ಅದರಲ್ಲಿ ಎಂಜಲಿದೆ. ಮಾಟದ ಎಂಜಲು. ನಮ್ಮ ಮನೆಯವರು ಅದಕ್ಕೆ ಬಾಯಿಟ್ಟೇ ಹೋಗಿದ್ದು."

ಅವನ ನಗು ಇನ್ನೂ ದೊಡ್ಡದಾಯಿತು. ಆ ಊರಿಗೆ ಅವನು ಹೊಸಬ. ಡೀಸೆಲ್ ಪಂಪಿನ ಕೆಲಸದಲ್ಲಿ ಪಳಗಿದ ಕೈ ಎಂದು ವರ್ಕ್‌ಶಾಪಿನವರು ಅವನನ್ನು 'ಪಂಪು' ಎಂದೇ ಕರೆಯುತ್ತಿದ್ದರು, ಅವನೂ ಆ ಹೆಸರಿಗೆ ಓಗೊಡುತ್ತಿದ್ದ. ಪಂಪುವಿಗೆ ಒಂದು ಜಂಬವಿತ್ತು. ಹೇಸಿಗೆ ಎನ್ನುವುದು ತನ್ನ ಮೈಯಲ್ಲೇ ಇಲ್ಲ ಎಂದು ಹೇಳಿಕೊಂಡು ತಿರುಗುವುದು. ಗ್ರೀಸು ಮೆತ್ತಿದ ಕೈಯಲ್ಲೇ ಬ್ರೆಡ್ಡು ಮುರಿದು ತಿನ್ನುತ್ತಿದ್ದ. ಕಂಡವರ ಬಾಟಲಿಗೆ ಬಾಯಿಟ್ಟು ನೀರು ಕುಡಿಯುತ್ತಿದ್ದ. ಒಮ್ಮೆ ಏರ್ ಕ್ಲೀನರಿನೊಳಗೆ ಕೊಳೆತಿದ್ದ ಇಲಿಯನ್ನು ಬಾಲ ಹಿಡಿದು ಎಸೆದು, ಅದೇ ಕೈಯನ್ನು ಪ್ಯಾಂಟಿಗೆ ಒರೆಸಿ, ಅರ್ಧಕ್ಕೆ ಬಿಟ್ಟಿದ್ದ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡಿದ್ದ. ನೋಡುತ್ತಿದ್ದವರು ಎದ್ದು ಹೋದರು. ಅವನಿಗೆ ಅದೂ ಒಂದು ಬಹುಮಾನ ಸಿಕ್ಕ ಹಾಗೆ.

ಮನೆಯಲ್ಲಿ ಈ ಗುಣಕ್ಕೆ ಒಬ್ಬಳು ವಾರಸುದಾರಳಿದ್ದಳು. ನಾಲ್ಕು ವರ್ಷದ ಮಗಳು, ಗುಬ್ಬಿ. ಅವಳಿಗೆಂದು ಬೇರೆ ತಟ್ಟೆ ಇಟ್ಟರೆ ಮುಟ್ಟುತ್ತಿರಲಿಲ್ಲ. ಅಪ್ಪ ಮೊದಲು ಕಚ್ಚಬೇಕು, ಉಳಿದದ್ದು ಇವಳಿಗೆ. ಅಪ್ಪ ಅರ್ಧ ಲೋಟ ಹಾಲು ಕುಡಿಯಬೇಕು, ಮಿಕ್ಕರ್ಧ ಇವಳದು. "ಎಂಜಲು ಕಣೇ, ತಿನ್ನಬೇಡ" ಎಂದು ಅವನು ಬೇಕೆಂದೇ ಕೈ ಮೇಲೆತ್ತುವುದು, ಅವಳು ಕಿಲಕಿಲ ನಕ್ಕು ಅವನ ತೋಳಿಗೆ ಜೋತುಬಿದ್ದು ಕಿತ್ತುಕೊಂಡು ತಿನ್ನುವುದು, ಹೆಂಡತಿ "ಇಬ್ಬರಿಗೂ ಬುದ್ಧಿಯಿಲ್ಲ" ಎಂದು ಬೈಯುವುದು, ದಿನಾ ಇದೇ ಆಟ. ದಿನವಿಡೀ ಲಾರಿಯ ಹೊಟ್ಟೆಯಡಿ ಮಲಗಿರುವ ಮನುಷ್ಯನಿಗೆ ಸುಖ ಎನ್ನುವುದೇನಾದರೂ ಇದ್ದರೆ ಅದು ಆ ಒಂದು ತಟ್ಟೆಯಲ್ಲಿತ್ತು.

ಶೆಡ್ಡು ಉದ್ದವಾಗಿ, ಕತ್ತಲಾಗಿತ್ತು. ಹೊರಗೆ ಸುಡುವ ಬಿಸಿಲು, ಒಳಗೆ ತಗಡಿನ ತೂತುಗಳಿಂದ ಬಿದ್ದ ಬೆಳಕಿನ ಚುಕ್ಕಿಗಳು ಬಿಟ್ಟರೆ ಬೇರೆ ಬೆಳಕಿಲ್ಲ. ಹಳೆಯ ಲಾರಿ, ಉಬ್ಬಿದ ಮೂತಿಯ ಕಾಲದ್ದು, ಟಯರುಗಳು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿದ್ದವು. ಡೀಸೆಲಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ತೊಳೆಯದ ತಟ್ಟೆಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ ಮರೆತರೆ ಬರುವ ವಾಸನೆ. ಇಲಿ ಸತ್ತಿರಬೇಕು ಎಂದುಕೊಂಡ ಪಂಪು, ಕೆಲಸಕ್ಕೆ ಕೈಹಚ್ಚಿದ.

ಅವನು ಕೆಲಸ ಮಾಡುವ ಕ್ರಮ ಮಾತ್ರ ಚೊಕ್ಕ. ತಂದ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆದ. ಎಂಜಿನ್ ಸರಾಗವಾಗಿ ತಿರುಗಿತು, ಹತ್ತಿಕೊಳ್ಳಲಿಲ್ಲ. ಇಳಿದು ಹೋಗಿ ಸೈಲೆನ್ಸರ್ ನೋಡಿದ. ಒಂದೆಳೆ ಹೊಗೆಯಿಲ್ಲ. ಡೀಸೆಲ್ ಒಳಗೆ ಹೋಗಿ ಉರಿಯದೆ ಉಳಿದಿದ್ದರೆ ಬಿಳಿ ಹೊಗೆಯಾದರೂ ಬರಬೇಕಿತ್ತು. ಅಂದರೆ ಹೋಗುತ್ತಲೇ ಇಲ್ಲ. ಎಂಜಿನ್ನಿನೊಳಕ್ಕೆ ಡೀಸೆಲ್ ಚಿಮ್ಮಿಸುವ ನಾಝಲಿನ ಪೈಪು ಸಡಿಲಿಸಿ ಮತ್ತೆ ಸೆಲ್ಫ್ ಹೊಡೆದ. ಒಣಗಿತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಬಿಚ್ಚಿದ. ಅಲ್ಲೂ ಒಣಗಿತ್ತು. ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಪುಟ್ಟ ಪಂಪು ತುಕ್ಕು ಹಿಡಿದು ಕೂತಿತ್ತು. ಇನ್ನು ಉಳಿದದ್ದು ಟ್ಯಾಂಕು ಮತ್ತು ಅಲ್ಲಿಂದ ಬರುವ ರಬ್ಬರ್ ಪೈಪು, ಅಷ್ಟೆ.

ಟ್ಯಾಂಕಿನ ಮುಚ್ಚಳ ತೆಗೆದು ಒಂದು ಕಡ್ಡಿ ಇಳಿಬಿಟ್ಟ. ಅರ್ಧಕ್ಕಿಂತ ಹೆಚ್ಚು ಡೀಸೆಲ್ ಇತ್ತು. ಆದರೆ ಕಡ್ಡಿ ತಳ ಮುಟ್ಟುವ ಮುಂಚೆ ಮೆತ್ತಗಿನ ಏನಕ್ಕೋ ತಾಗಿ ನಿಂತಿತು. ಒತ್ತಿದರೆ ಒಳಕ್ಕೆ ಹೋಗಿ, ಬಿಟ್ಟರೆ ಮೇಲಕ್ಕೆ ತಳ್ಳಿತು. ಎಳೆದು ನೋಡಿದಾಗ ಕಡ್ಡಿಯ ತುದಿಯಲ್ಲಿ ಕಂದು ಬಣ್ಣದ ಲೋಳೆ ತೂಗಾಡುತ್ತಿತ್ತು. ಅದರೊಳಗೆ ನೂಲಿನಂಥದ್ದು, ನರೆತ ನೂಲು. ಹಳೆ ಡೀಸೆಲಿನಲ್ಲಿ ನೀರು ಸೇರಿದರೆ ಪಾಚಿ ಕಟ್ಟುತ್ತದೆ, ಅದನ್ನು ಅವನು ಎಷ್ಟೋ ಲಾರಿಗಳಲ್ಲಿ ಕಂಡಿದ್ದ. ಪೈಪಿನ ಬಾಯಿಗೆ ಅದೇ ಅಡ್ಡ ಕೂತಿದೆ. ಜೋರಾಗಿ ಎಳೆದರೆ ಬಿಡುತ್ತದೆ.

"ಸಿಕ್ತು ನೋಡಿ ನಿಮ್ಮ ಮಾಟ" ಎಂದು ಕಡ್ಡಿಯನ್ನು ಅವಳತ್ತ ಎತ್ತಿ ತೋರಿಸಿದ. "ಪಾಚಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಎಳೆಯೋ ಪಂಪು ತಂದು ಎಳಿ. ಮುಂಚೆ ಬಂದವರಿಗೂ ಹೇಳಿದ್ದೆ. ಯಾರೂ ಬಾಯಿಡಲಿಲ್ಲ. ಕೆಲಸ ಬೇಡ ಅಂತ ಎದ್ದು ಹೋದರು."

ಎಳೆಯುವ ಪಂಪು ಇದ್ದದ್ದು ವರ್ಕ್‌ಶಾಪಿನಲ್ಲಿ, ಊರಿನ ಆ ತುದಿಯಲ್ಲಿ. ಬಾಯಿಯಲ್ಲಿ ಒಂದು ಸಲ ಎಳೆದರೆ ಮುಗಿಯುವ ಕೆಲಸಕ್ಕೆ ಯಾರು ಹೋಗಿ ಬರುತ್ತಾರೆ? ಡೀಸೆಲ್ ಕೆಲಸದವರೆಲ್ಲ ಬಾಯಲ್ಲೇ ಎಳೆಯುವವರು. ಎಳೆದು, ಉಗಿದು, ಬಾಯಿ ಒರೆಸಿ ಪೈಪು ಸಿಕ್ಕಿಸುತ್ತಾರೆ. ಅದರಲ್ಲೂ ಮುಂಚೆ ಬಂದವರು ಹೆದರಿ ಹೋದರು ಎಂದು ಕೇಳಿದ ಮೇಲೆ ಪಂಪು ಬಿಡುವ ಆಸಾಮಿಯಲ್ಲ.

"ಅಮ್ಮ, ನನ್ನ ಹೊಟ್ಟೇಲಿ ಈಗಾಗಲೇ ಒಂದು ಟ್ಯಾಂಕ್ ಡೀಸೆಲ್ ಇದೆ. ಎಂಜಲು ಗಿಂಜಲು ಎಲ್ಲ ನನಗೆ ತಾಗಲ್ಲ."

"ನಾನು ಹೇಳಬೇಕಾದ್ದು ಹೇಳಿದೀನಿ" ಎಂದಳು ಅವಳು. ಅವಳ ಕಣ್ಣು ಪೈಪಿನ ಮೇಲಿರಲಿಲ್ಲ. ಅವನ ತುಟಿಗಳ ಮೇಲಿತ್ತು.

ಪೈಪು ಕ್ಲಿಪ್ಪಿಲ್ಲದೆ ಸುಮ್ಮನೆ ತೂರಿಸಿಟ್ಟದ್ದು, ಎಳೆದರೆ ಕೈಗೆ ಬಂತು. ತುದಿ ಒದ್ದೆಯಾಗಿತ್ತು. ಒದ್ದೆಯಷ್ಟೇ ಅಲ್ಲ, ಬೆಚ್ಚಗಿತ್ತು. ಈಗಷ್ಟೇ ಯಾರೋ ಬಾಯಿ ತೆಗೆದಂತೆ. ಒಂದು ಗಳಿಗೆ ಅವನ ಕೈ ತಡೆಯಿತು. ಆಮೇಲೆ ತನ್ನ ಮೇಲೇ ನಾಚಿಕೆಯಾಗಿ, ತುದಿಯನ್ನು ತುಟಿಗಳ ನಡುವೆ ಇಟ್ಟು ಕೆನ್ನೆ ಒಳಗೆಳೆದುಕೊಂಡ.

ಏನೂ ಬರಲಿಲ್ಲ. ಟ್ಯಾಂಕಿನೊಳಗೆ ಏನೋ ಹೊರಳಿದ ಸದ್ದು. ಇನ್ನೊಮ್ಮೆ ಎಳೆದ. ಪೈಪು ಅವನ ಬೆರಳುಗಳ ನಡುವೆ ಉಬ್ಬಿತು. ಉಬ್ಬು ಮೇಲಕ್ಕೆ ಬರುತ್ತಿತ್ತು. ನಿಧಾನವಾಗಿ. ತಾನಾಗಿಯೇ. ಅವನು ಎಳೆಯುವುದನ್ನು ನಿಲ್ಲಿಸಿದ್ದ. ಅದು ನಿಲ್ಲಲಿಲ್ಲ. ಬಾಯಿ ತೆಗೆಯಬೇಕು ಎಂದುಕೊಳ್ಳುವಷ್ಟರಲ್ಲಿ ನಾಲಗೆಯ ಮೇಲೆ ಬಂದು ಕೂತಿತು. ಮೆತ್ತಗೆ. ಬೆಚ್ಚಗೆ. ಒಂದು ತುತ್ತಿನಷ್ಟು. ಅದಕ್ಕೆ ರುಚಿಯಿತ್ತು. ಹತ್ತಾರು ತಟ್ಟೆಗಳಿಂದ ಕೆರೆದು ಒಟ್ಟುಮಾಡಿದ, ಹುಳಿತ, ಯಾರ್ಯಾರೋ ಅಗಿದು ಬಿಟ್ಟ ಅನ್ನದ ರುಚಿ. ಉಗಿಯಲು ಬಾಯಿ ತೆರೆದ. ಗಂಟಲು ಅವನ ಮಾತು ಕೇಳಲಿಲ್ಲ. ನುಂಗಿಬಿಟ್ಟಿತು.

ಅದರ ಹಿಂದೆಯೇ ಡೀಸೆಲ್ ಬಂತು. ಬಾಯಿ ತುಂಬ, ಮೂಗಿನ ತುಂಬ. ಅವನು ನೆಲಕ್ಕೆ ಕೈಯೂರಿ ಕೆಮ್ಮಿದ, ಉಗಿದ, ಮತ್ತೆ ಉಗಿದ. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿತ್ತು. ಬೆರಳು ಹಾಕಿ ಎಳೆದ. ಕೂದಲು. ಬಿಳಿ ಕೂದಲು. ಎಳೆದಷ್ಟೂ ಬಂತು, ಗಂಟಲಿನ ಆಳದಿಂದ, ಮೊಳದುದ್ದ, ತುದಿಯಲ್ಲಿ ಲೋಳೆಯೊಂದಿಗೆ.

ಪಂಪು ಹಠವಾದಿ. ಬಾಯಿ ಒರೆಸಿಕೊಂಡು ಪೈಪು ಸಿಕ್ಕಿಸಿ, ಅದರೊಳಗಿನ ಗಾಳಿ ಹೊರಬಿಟ್ಟು, ಸೆಲ್ಫ್ ಹೊಡೆದ. ಲಾರಿ ಒಂದೇ ಏಟಿಗೆ ಹತ್ತಿಕೊಂಡಿತು. ಶೆಡ್ಡೆಲ್ಲ ಅದುರಿ, ತಗಡಿನಿಂದ ಧೂಳು ಉದುರಿತು. ಗೆದ್ದವನಂತೆ ಅವನು ಹೊಸ್ತಿಲ ಕಡೆ ನೋಡಿದರೆ ಅಲ್ಲಿ ಅವಳಿರಲಿಲ್ಲ. ಮೂಗಿನ ಬಟ್ಟೆ ಮಾತ್ರ ನೆಲದ ಮೇಲೆ ಬಿದ್ದಿತ್ತು.

ಕೈ ತೊಳೆಯಲು ನೀರು ಕೇಳೋಣವೆಂದು ಮನೆಯ ಹಿಂಬಾಗಿಲಿಗೆ ಹೋದ. ಅವಳು ಅಡುಗೆಮನೆಯ ನೆಲದ ಮೇಲೆ ಕೂತು ತಿನ್ನುತ್ತಿದ್ದಳು. ಎರಡೂ ಕೈಯಲ್ಲಿ ಬ್ರೆಡ್ಡು ಮುರಿದು ಬಾಯಿಗೆ ತುರುಕಿಕೊಳ್ಳುತ್ತಿದ್ದಳು, ಅಗಿಯುವಷ್ಟೂ ತಾಳ್ಮೆಯಿಲ್ಲದೆ. ಕಣ್ಣಿಂದ ನೀರು ಸುರಿದು ಬ್ರೆಡ್ಡಿನ ಮೇಲೆಯೇ ಬೀಳುತ್ತಿತ್ತು. ನೋಡಬಾರದ್ದನ್ನು ನೋಡಿದಂತಾಗಿ ಪಂಪು ಕೈ ತೊಳೆಯದೆಯೇ ಹೊರಟುಬಂದ.

ಸಂಜೆ ಮನೆಯ ಬಾಗಿಲು ತೆಗೆದಾಗಲೇ ವಾಸನೆ ಹೊಡೆಯಿತು. "ಏನು ಕೊಳೆತಿದೆ?" ಎಂದ. ಹೆಂಡತಿ ಮೂಗು ಅರಳಿಸಿ ನೋಡಿ, ಏನೂ ಇಲ್ಲವಲ್ಲ ಎಂದಳು. ಮೇಜಿನ ಮೇಲೆ ಬಿಸಿ ಹಾಲು, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಬ್ರೆಡ್ಡನ್ನು ಮೂಗಿನ ಹತ್ತಿರ ತಂದ. ಯಾರೋ ಅಗಿದು ಮತ್ತೆ ಒತ್ತಿ ಚೌಕ ಮಾಡಿಟ್ಟ ಹಾಗಿತ್ತು. ಹಾಲಿನಲ್ಲಿ ಎಂಜಲಿನ ಎಳೆ ತೇಲುತ್ತಿತ್ತು. ಲೋಟದ ಅಂಚನ್ನು ಮುಟ್ಟಿದ ತುಟಿಗಳೆಲ್ಲ, ಈ ತನಕದ ತುಟಿಗಳೆಲ್ಲ, ಅಲ್ಲೇ ಅಂಟಿಕೊಂಡಿದ್ದವು. ಹೆಂಡತಿಗೆ ಅದೇನೂ ಕಾಣುತ್ತಿರಲಿಲ್ಲ.

ಗುಬ್ಬಿ ಓಡಿಬಂದು ತೊಡೆ ಹತ್ತಿದಳು. ಅವಳ ಬಾಯಿಂದ, ಆ ಪುಟ್ಟ ಹಾಲುಹಲ್ಲಿನ ಬಾಯಿಂದ, ಬಕೆಟ್ಟಿನಲ್ಲಿ ಹುಳಿತ ತಟ್ಟೆಗಳ ನಾತ ಅವನ ಮುಖಕ್ಕೆ ಬಡಿಯಿತು. ಕೆನ್ನೆ ಜಿಗುಟಾಗಿತ್ತು. ಅವಳು ಕೆನ್ನೆಗೆ ಕೆನ್ನೆ ತಾಗಿಸಿದಳು. ಅವಳನ್ನು ತಳ್ಳಿದ. ಮೆಲ್ಲಗೆ ತಳ್ಳಬೇಕೆಂದುಕೊಂಡಿದ್ದ, ಜೋರಾಗಿಯೇ ತಳ್ಳಿದ. ನೆಲಕ್ಕೆ ಬಿದ್ದ ಮಗು ಅಳಲಿಲ್ಲ. ಇದು ಹೊಸ ಆಟವಿರಬೇಕು ಎಂದುಕೊಂಡು ಅವನ ಮುಖ ನೋಡುತ್ತಾ ಕೂತಿತು. ಅವನು ಬಚ್ಚಲಿಗೆ ಓಡಿದ. ವಾಂತಿಯಲ್ಲಿ ಬಿಳಿ ಕೂದಲಿತ್ತು.

ಮೆಕ್ಯಾನಿಕ್ ಬುದ್ಧಿ ತನ್ನ ಮೈಯ ಮೇಲೂ ಅದೇ ಲೆಕ್ಕ ಹಾಕಿತು. ಡೀಸೆಲ್ ಗಂಟಲಿಗೆ ಹೋಗಿರಬೇಕು. ಉಪ್ಪುನೀರು ಮುಕ್ಕಳಿಸಿದ. ಹೋಗಲಿಲ್ಲ. ಹಲ್ಲು ಉಜ್ಜಿದ, ನಾಲಗೆ ರಕ್ತ ಬರುವಂತೆ ಕೆರೆದ. ಹೋಗಲಿಲ್ಲ. ವೈದ್ಯರು ಗಂಟಲಿಗೆ ಟಾರ್ಚ್ ಬಿಟ್ಟು ನೋಡಿ ಸ್ವಲ್ಪ ಕೆಂಪಾಗಿದೆ ಅಷ್ಟೇ ಎಂದು ಮಾತ್ರೆ ಬರೆದರು. ಮಾತ್ರೆಯೂ ಯಾರೋ ಚೀಪಿ ಬಿಟ್ಟದ್ದಾಗಿತ್ತು. ಒಂದೊಂದನ್ನೇ ತಳ್ಳಿಹಾಕುತ್ತಾ ಬಂದು ಕೊನೆಗೆ ಉಳಿದದ್ದು ಅವನು ನಕ್ಕು ತಳ್ಳಿಹಾಕಿದ್ದ ಮಾಟದ ಮಾತೊಂದೇ.

ತನ್ನ ಹೊಟ್ಟೆಯ ಚಿಂತೆಯಾದರೆ ಅವನು ಹಠ ಹಿಡಿದು ಹೇಗೋ ಸಹಿಸುತ್ತಿದ್ದನೇನೋ. ಅವನು ತಿನ್ನದಿದ್ದರೆ ಗುಬ್ಬಿಯೂ ತಿನ್ನುತ್ತಿರಲಿಲ್ಲ. "ಅಪ್ಪ ಮೊದಲು" ಎಂದು ತುಟಿ ಬಿಗಿದು ಕೂರುತ್ತಿದ್ದಳು. ಅಮ್ಮ ಬೈದು, ಮುದ್ದಿಸಿ, ಮೂಗು ಹಿಡಿದು ನಾಲ್ಕು ಚಮಚ ಹಾಲು ಇಳಿಸಿದರೆ ಅದೇ ದೊಡ್ಡದು. ದಿನದಿಂದ ದಿನಕ್ಕೆ ಮಗುವಿನ ಕತ್ತು ಸಣ್ಣಗಾಯಿತು.

"ರೀ, ಒಂದು ತುಂಡು ಕಚ್ಚಿ ಕೊಡಿ ಸಾಕು. ನುಂಗಬೇಡಿ, ಉಗೀರಿ" ಎಂದು ಹೆಂಡತಿ ಬೇಡಿಕೊಂಡಳು. "ಅವಳ ಮುಖ ನೋಡ್ರೀ."

ನೋಡಲು ಅವನಿಗೆ ಆಗುತ್ತಿರಲಿಲ್ಲ. ಅವಳು ಬಾಗಿಲಲ್ಲಿ ಕಂಡರೆ ಸಾಕು, ಎದ್ದು ಹೊರಗೆ ಹೋಗುತ್ತಿದ್ದ. ಸ್ವಂತ ಮಗಳನ್ನು ಕಂಡು ಹೇಸುವ ತಂದೆಗೆ ತನ್ನನ್ನು ಕಂಡರೆ ಎಂಥ ಹೇಸಿಗೆಯಾಗುತ್ತದೆ ಎನ್ನುವುದನ್ನು ಅವನು ಯಾರಿಗೂ ಹೇಳಲಾರದಾಗಿದ್ದ.

ಮಧ್ಯಾಹ್ನದ ಬಿಸಿಲಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಲಾರಿಯ ಯಜಮಾನಿಯ ಮನೆಗೆ ಹೋದ. ಅವಳು ತುಂಬಿಕೊಂಡಿದ್ದಳು. ಕೆನ್ನೆ ಉಬ್ಬಿ, ತುಟಿಗೆ ಎಣ್ಣೆ ಹತ್ತಿ ಹೊಳೆಯುತ್ತಿತ್ತು. ಅವನನ್ನು ಕಂಡು ಬಾಳೆಹಣ್ಣಿನ ಸಿಪ್ಪೆ ಕೆಳಗಿಟ್ಟಳು.

"ಏನು ಮಾಡಿದ್ರಿ ನನಗೆ?"

"ಹೇಳಿದ್ದೆ ತಾನೇ ನಿನಗೆ" ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ದಣಿವಿತ್ತು. "ಹೇಳದೆ ಕೊಟ್ಟರೆ ಅದು ದಾಟಲ್ಲ. ಬೇಡ ಅಂತ ಹೇಳಬೇಕು. ಹೇಳಿದ ಮೇಲೂ ಅವರಾಗೇ ಬಾಯಿಗೆ ಇಟ್ಕೋಬೇಕು. ಆಗ ದಾಟುತ್ತೆ."

ಅವಳು ಹೇಳಿದ ಕತೆ ಹೀಗಿತ್ತು. ಅವಳ ಗಂಡನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ ಒಬ್ಬಳಿದ್ದಳು. ಕೈಲಾಗದ ಕಾಲಕ್ಕೆ ಅವಳನ್ನು ಶೆಡ್ಡಿನಲ್ಲಿ ಲಾರಿಯ ಪಕ್ಕ ಮಲಗಿಸಿದರು. ಊಟಕ್ಕೆ ಮನೆಯವರ ತಟ್ಟೆಗಳಲ್ಲಿ ಮಿಕ್ಕದ್ದನ್ನು ಒಂದೇ ಬೋಗುಣಿಗೆ ಕೆರೆದು ಇಡುತ್ತಿದ್ದರು, ನಾಯಿಗೆ ಇಡುವಂತೆ. ವರ್ಷಗಟ್ಟಲೆ ಅವಳು ಅದನ್ನೇ ಉಂಡಳು. ಕೊನೆಕೊನೆಗೆ ಉಣ್ಣುವುದನ್ನು ಬಿಟ್ಟು, ಬೋಗುಣಿಯಲ್ಲಿದ್ದದ್ದನ್ನು ಮಂತ್ರಿಸಿ, ತನ್ನ ಕೂದಲು ಸುತ್ತಿ, ಉಂಡೆ ಕಟ್ಟಿ ಲಾರಿಯ ಟ್ಯಾಂಕಿಗೆ ಹಾಕಿದಳು. ಮನೆಗೆ ಅನ್ನ ತರುತ್ತಿದ್ದ ಲಾರಿ ನಿಂತಿತು. ಅವಳೂ ಹೋದಳು.

"ಹೋಗೋ ಮುಂಚೆ ನಮ್ಮವರನ್ನ ಕರೆದು ಹೇಳಿದಳು, ಆ ಪೈಪಿಗೆ ಬಾಯಿಡಬೇಡ ಮಗಾ ಅಂತ. ಆ ಮುದುಕಿ ಮಾತು ಈ ಮನೇಲಿ ಯಾರು ಕೇಳ್ತಿದ್ದರು? ಅದು ಅವಳಿಗೂ ಗೊತ್ತಿತ್ತು."

"ನಿಮಗೆ ಹೇಗೆ ಬಂತು?"

"ನಮ್ಮವರು ಪೈಪಿಗೆ ಬಾಯಿಟ್ಟು ಸಾಯೋಕೆ ಬಿದ್ದಿದ್ದರು. ಲೋಟದಲ್ಲಿ ಹಾಲು ಉಳಿದಿತ್ತು. ಕುಡೀಬೇಡ ಅಂದರು. ಗಂಡನ ಎಂಜಲಿಗೆ ಹೇಸೋದಾ ಅಂತ ನಾನು ಕುಡಿದೆ. ಆಮೇಲೆ ಅವರು ಹೊಟ್ಟೆ ತುಂಬ ಉಂಡರು. ಆದರೆ ಮೈಯಲ್ಲಿ ಏನೂ ಉಳಿದಿರಲಿಲ್ಲ, ಹೋಗಿಬಿಟ್ಟರು." ಅವಳು ಕಣ್ಣು ಕೆಳಗೆ ಹಾಕಿದಳು. "ಇನ್ನೊಬ್ಬರ ಬಾಯಿಟ್ಟದ್ದಕ್ಕೆ ನಗುನಗ್ತಾ ಬಾಯಿಡೋರು ನಿಮ್ಮ ಕೆಲಸದವರೇ ಅಲ್ವಾ? ಮೆಕ್ಯಾನಿಕ್ ಬರ್ತಾನೆ ಅಂದ ದಿನ ಆ ಪೈಪಿನ ತುದಿ ಚೀಪಿ ಇಡ್ತಿದ್ದೆ."

ಪಂಪು ಅಂಗಳದಲ್ಲೇ ಬಗ್ಗಿ ವಾಂತಿ ಮಾಡಿಕೊಂಡ. ಅವಳು ಒಂದು ಚೆಂಬು ನೀರು ತಂದಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಇಷ್ಟು ತಿಳಿದ ಮೇಲೆ ಒಬ್ಬ ಸಜ್ಜನ ಏನು ಮಾಡುತ್ತಾನೋ ಗೊತ್ತಿಲ್ಲ. ಪಂಪು ನೇರ ವರ್ಕ್‌ಶಾಪಿಗೆ ಹೋಗಿ ವೆಲ್ಡರನನ್ನು ಹುಡುಕಿದ. ವೆಲ್ಡರ್ ಅವನಂಥವನೇ. ಕಂಡವರ ಬಾಟಲಿ ಎತ್ತಿ ಗಟಗಟ ಕುಡಿಯುವವನು, ಬೇಡ ಎಂದರೆ ಎರಡು ಗುಟುಕು ಜಾಸ್ತಿ ಕುಡಿಯುವವನು. ಹೆಂಡತಿ ಮಕ್ಕಳಿಲ್ಲ, ಯಾರ ತಟ್ಟೆಯೂ ಅವನಿಗಾಗಿ ಕಾಯುತ್ತಿಲ್ಲ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಪಂಪು ಬಾಟಲಿಯ ನೀರಿಗೆ ಬಾಯಿಟ್ಟು ಒಂದು ಗುಟುಕು ಕುಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ನುಂಗಿ, ಬಾಟಲಿಯನ್ನು ವೆಲ್ಡರನ ಮುಂದಿನ ಬೆಂಚಿನ ಮೇಲೆ ಇಟ್ಟ.

"ಅದು ನನ್ನ ಎಂಜಲು. ಕುಡೀಬೇಡ, ನನಗೆ ಹುಷಾರಿಲ್ಲ."

ವೆಲ್ಡರ್ ಬಾಟಲಿಯತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಪಂಪುವಿನ ಮುಖವನ್ನು ಸರಿಯಾಗಿ ನೋಡಿದ.

"ಹೌದು ಗುರೂ, ತುಂಬ ಇಳಿದುಹೋಗಿದೀಯ. ಹೇಳಿದ್ದು ಒಳ್ಳೇದಾಯ್ತು ಬಿಡು" ಎಂದು ಎದ್ದು ಹೋಗಿ ನಲ್ಲಿಗೆ ಬಾಯೊಡ್ಡಿದ.

ಜನ್ಮದಲ್ಲಿ ಒಮ್ಮೆಯೂ ಯಾರ ಮಾತನ್ನೂ ಕೇಳದವನು ಅವತ್ತೇ ಕೇಳಬೇಕೆ? ಪಂಪುವಿಗೆ ನಗು ಬಂತು. ನಕ್ಕರೆ ಕೂದಲು ಗಂಟಲಿಗೆ ಅಡ್ಡ ಬಂತು. ತಾನು ಮಾಡಹೊರಟದ್ದು ಎಂಥ ಹೊಲಸು ಎಂದು ಆಗ ಹೊಳೆದು, ಬಾಟಲಿಯನ್ನು ಚರಂಡಿಗೆ ಎಸೆದು ಮನೆಗೆ ಹೋದ.

ಮನೆಯಲ್ಲಿ ಗುಬ್ಬಿ ಮೇಜಿನ ಕಾಲಿಗೆ ಒರಗಿ ಕೂತಿದ್ದಳು. ಏಳಲಿಲ್ಲ. ತುಟಿ ಒಡೆದಿತ್ತು. ಹೆಂಡತಿ ಹಾಲಲ್ಲಿ ಅದ್ದಿದ ಬ್ರೆಡ್ಡಿನ ತಟ್ಟೆಯನ್ನು ಅವನ ಮುಂದೆ ಇಟ್ಟು, ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತಳು. ಅವಳ ಬೆನ್ನು ಅಳುತ್ತಿತ್ತು.

ಹೇಳದೆ ಕೊಟ್ಟರೆ ದಾಟುವುದಿಲ್ಲ. ಅದನ್ನು ಅವನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಕಚ್ಚುವುದು, ಕೊಡುವುದು, ಮಾತಾಡದಿರುವುದು. ಮಗು ಉಣ್ಣುತ್ತದೆ. ಅವನು ಕಣ್ಣು ಮುಚ್ಚಿ ಬ್ರೆಡ್ಡು ಕಚ್ಚಿದ. ಹುಳಿತದ್ದು ಬಾಯಿ ತುಂಬಿತು. ಉಳಿದ ತುಂಡು ಕೈಯಿಂದ ಜಾರಿ ತಟ್ಟೆಗೆ ಬಿತ್ತು. ಕಣ್ಣು ತೆರೆದರೆ ಗುಬ್ಬಿಯ ಕೈ ತಟ್ಟೆಯೊಳಗಿತ್ತು. ಅಪ್ಪ ಕಚ್ಚಿದ ತುಂಡು, ಅವನ ಜೊಲ್ಲು ಇಳಿಯುತ್ತಿದ್ದ ತುಂಡು, ಅವಳ ಬಾಯಿಯ ಹತ್ತಿರ ಹೋಗುತ್ತಿತ್ತು. ಆ ಹೊಲಸು, ಆ ಪುಟ್ಟ ಬಾಯಿಗೆ. ತಂದೆಯ ಕರುಳಲ್ಲವೇ. ತಡೆಯುವ ಮುಂಚೆ ಮಾತು ಹೊರಬಿದ್ದಿತ್ತು.

"ಬೇಡ ಗುಬ್ಬಿ. ಎಂಜಲು. ತಿನ್ನಬೇಡ."

ಎಷ್ಟೋ ದಿನಗಳ ಮೇಲೆ ಅಪ್ಪ ಆಟಕ್ಕೆ ಬಂದಿದ್ದ. ಗುಬ್ಬಿಯ ಮುಖ ಅರಳಿತು. ಕಿಲಕಿಲ ನಕ್ಕು ತುಂಡನ್ನು ಬಾಯಿಗೆ ತುರುಕಿಕೊಂಡಳು.

ಒಮ್ಮೆಲೇ ಮನೆಯ ಗಾಳಿ ತಿಳಿಯಾಯಿತು. ಬ್ರೆಡ್ಡಿನ ವಾಸನೆ ಬಂತು. ಬರೀ ಬ್ರೆಡ್ಡಿನದು. ಹಾಲಿನ ಘಮ, ಹೆಂಡತಿಯ ತಲೆಗೂದಲಿನ ಸೋಪಿನ ಘಮ. ಅವನ ಕೈ ತಾನಾಗಿ ತಟ್ಟೆಗೆ ಹೋಯಿತು. ಒಂದು ತುಂಡು ತಿಂದ. ಇನ್ನೊಂದು ತಿಂದ. ಹಾಲಿನ ಪಾತ್ರೆ ಎತ್ತಿ ಕುಡಿದ. ಇಂಥ ರುಚಿ ಲೋಕದಲ್ಲಿದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಯಾರೋ ಕೆಮ್ಮಿದರು. ಅವನು ತಿನ್ನುತ್ತಲೇ ಇದ್ದ. ಮತ್ತೆ ಕೆಮ್ಮು. ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ ಅವನು ತಿರುಗಿದ.

ಗುಬ್ಬಿ ಗೋಡೆಗೆ ಅಂಟಿಕೊಂಡಿದ್ದಳು. ಎರಡೂ ಕೈಯಲ್ಲಿ ಮೂಗು ಬಾಯಿ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಹಾಲು ಮಿಶ್ರಿತ ವಾಂತಿ ಇಳಿಯುತ್ತಿತ್ತು. ಅದರಲ್ಲಿ ಒಂದು ಬಿಳಿ ಎಳೆ. ಹೆಂಡತಿ ಎತ್ತಿಕೊಳ್ಳಲು ಹೋದರೆ ಮಗು ಚೀರಿ ಕೈ ಕೊಡವಿತು. ಅಮ್ಮನೂ ನಾರುತ್ತಿದ್ದಳು.

ಅವನ ಬಾಯೊಳಗಿದ್ದ ಬ್ರೆಡ್ಡು ನೆಲಕ್ಕೆ ಬಿತ್ತು. ಮಗಳು ಸಾಯುವ ಹೊತ್ತಿನಲ್ಲಿ ತಾನು ಹಾಲು ಕುಡಿಯುತ್ತಿದ್ದ. ಅವನಿಗೆ ಟ್ಯಾಂಕಿನ ಲೋಳೆಯಿಂದಲೂ ಆಗದಷ್ಟು ಹೇಸಿಗೆ ತನ್ನಿಂದಾಯಿತು. ಮಂಡಿಯೂರಿ ಅವಳ ಮುಂದೆ ಕೂತ. ಅವಳು ಉಗಿದ ತುಂಡು ನೆಲದ ಮೇಲಿತ್ತು, ಲೋಳೆಯಲ್ಲಿ ಅದ್ದಿಕೊಂಡು. ಅದನ್ನು ಎತ್ತಿಕೊಂಡ.

"ಗುಬ್ಬಿ, ಇದನ್ನ ಅಪ್ಪ ತಿಂತೀನಿ. ನೋಡು. ಏನಂತೀಯ?"

ಅವಳು ಏನೂ ಅನ್ನಲಿಲ್ಲ. ಕಣ್ಣು ಮಾತ್ರ ಅಗಲವಾಯಿತು.

"ಮಗಾ, ಒಂದು ಮಾತು ಹೇಳು. ಅಪ್ಪನಿಗೆ ಏನಂತೀಯ?"

"ಇದೇನ್ರೀ ಮಾಡ್ತಿದೀರ, ಬಿಸಾಕ್ರೀ ಅದನ್ನ" ಎಂದು ಹೆಂಡತಿ ಅವನ ಭುಜ ಹಿಡಿದೆಳೆದಳು. ಅವಳು ಹೇಳಿ ಏನು ಬಂತು. ಹೇಳಬೇಕಾದವಳು ಗುಬ್ಬಿ. ಮಗುವಿನ ಎದೆ ಏರಿಳಿಯುತ್ತಿತ್ತು. ತುಟಿ ನೀಲಿಯಾಗುತ್ತಿತ್ತು. ತುಂಡನ್ನು ಬಾಯಿಯ ಹತ್ತಿರ ತಂದ. ಇನ್ನೂ ಹತ್ತಿರ. ಅವಳು ನೋಡುತ್ತಿದ್ದಳು. ತುಟಿಗೆ ತಾಗಿಸಿದ. ಹೇಳು ಗುಬ್ಬಿ. ಹೇಳು. ಬಾಯಿ ತೆರೆದ.

ಮಗು ಬಾಯಿಂದ ಕೈ ತೆಗೆಯಿತು.

"ಛೀ ಅಪ್ಪ" ಎಂದಳು ಉಸಿರೆಳೆದುಕೊಂಡು. "ಅದು ಗಲೀಜು. ತಿನ್ನಬೇಡ."

ಅವನು ಬಾಯಿಗೆ ಹಾಕಿಕೊಂಡ. ಅಗಿಯಲಿಲ್ಲ. ನುಂಗಿದ. ಅದು ಗಂಟಲಿಳಿಯುವಾಗ ತನ್ನ ಜಾಗ ಗೊತ್ತಿದ್ದ ಹಾಗೆ ಇಳಿಯಿತು. ಕೋಣೆ ತುಂಬ ಮತ್ತೆ ಆ ನಾತ ಎದ್ದಿತು, ಗೋಡೆಯಿಂದ, ಹಾಲಿನಿಂದ, ಹೆಂಡತಿಯ ಕೈಯಿಂದ.

ಗುಬ್ಬಿಯ ಮುಖಕ್ಕೆ ಬಣ್ಣ ಬಂತು. ಅವಳು ಮೂಗು ಒರೆಸಿಕೊಂಡು ತಟ್ಟೆ ನೋಡಿದಳು, ಅಪ್ಪನನ್ನು ನೋಡಿದಳು. "ಅಪ್ಪ, ಹಸಿವು" ಎಂದು ಎರಡೂ ತೋಳು ಚಾಚಿಕೊಂಡು ಓಡಿಬಂದಳು. ಅವಳಿಗಿಂತ ಮುಂಚೆ ಅವಳ ವಾಸನೆ ಬಂತು.

ಪಂಪು ಉಸಿರು ಬಿಗಿಹಿಡಿದು ಅವಳನ್ನು ಎತ್ತಿಕೊಂಡ. ಅವಳು ಜಿಗುಟು ಕೆನ್ನೆಯನ್ನು ಅವನ ಕೆನ್ನೆಗೆ ಒತ್ತಿ, ಬ್ರೆಡ್ಡು ಅದ್ದಿಕೊಡು, ನೀನು ಮೊದಲು ಕಚ್ಚು ಎಂದು ಕಿವಿಯಲ್ಲಿ ಹೇಳಿದಳು. ಬೇಡ ಎನ್ನುವ ಮಾತು ಬಾಯಿಂದ ಬಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ತಲೆಯಾಡಿಸಿ, ಬ್ರೆಡ್ಡು ಕಚ್ಚಿ, ಒಂದು ಮಾತೂ ಆಡದೆ ಅವಳ ಕೈಗೆ ಕೊಟ್ಟ.